ಗುರಿ ಔಷಧವೋ, ಕೀಮೋವೋ? ಮೊದಲು ಮೇಣದ ಬ್ಲಾಕ್ ಕೇಳಿ

ಮೂತ್ರಕೋಶದ ಗಡ್ಡೆಯನ್ನು ಕೆರೆದು ತೆಗೆದ ಮೇಲೆ ಅದರ ಚೂರುಗಳು ಲ್ಯಾಬಿಗೆ ಹೋಗುತ್ತವೆ. ಅಲ್ಲಿ ಅವನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಕರಗಿದ ಮೇಣದೊಳಗೆ ಇಳಿಸಿ ಗಟ್ಟಿ ಮಾಡುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಬಿಳಿ ಮೇಣ, ಮೇಣದ ನಡುವೆ ಅಕ್ಕಿಕಾಳಿನಷ್ಟು ಮಾಂಸದ ಚೂರು, ಅಂಚಿನಲ್ಲಿ ಬರೆದ ನಂಬರು. ಲ್ಯಾಬಿನವರು ಇದಕ್ಕೆ ‘ಬ್ಲಾಕ್’ ಅನ್ನುತ್ತಾರೆ. ಇದರಿಂದ ಕೂದಲಿಗಿಂತ ತೆಳ್ಳಗೆ ಸೀಳಿ ತೆಗೆದ ಪದರವನ್ನು ಗಾಜಿನ ಮೇಲಿಟ್ಟು ನೋಡಿಯೇ ‘ಕ್ಯಾನ್ಸರ್’ ಎಂಬ ವರದಿ ಬರೆಯುವುದು. ವರದಿ ಮನೆಗೆ ಬರುತ್ತದೆ, ಬ್ಲಾಕ್ ಲ್ಯಾಬಿನ ಕಪಾಟಿನಲ್ಲಿ ಉಳಿಯುತ್ತದೆ. ಅದನ್ನು ಕೇಳಿ ಪಡೆಯಬಹುದು ಎಂಬುದು ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಕೆಲವು ತಿಂಗಳ ಬಳಿಕ ರೋಗ ಶ್ವಾಸಕೋಶಕ್ಕೋ ಮೂಳೆಗೋ ಹರಡಿದೆ ಎಂದು ಸ್ಕ್ಯಾನ್ ಹೇಳುತ್ತದೆ. ಮಗನೋ ಮಗಳೋ ಮೊಬೈಲಿನಲ್ಲಿ ಓದಿಕೊಂಡು ಬಂದು ವೈದ್ಯರ ಮುಂದೆ ಕೂರುತ್ತಾರೆ: “ಡಾಕ್ಟ್ರೇ, ಅಪ್ಪನಿಗೆ ಕೀಮೋ ತಡೆಯಲ್ಲ. ಟಾರ್ಗೆಟೆಡ್ ಅಂತ ಮಾತ್ರೆ ಬಂದಿದೆಯಂತಲ್ಲ, ಅದನ್ನೇ ಬರೆದುಕೊಡಿ.”

ಕೇಳುವುದರಲ್ಲಿ ತಪ್ಪಿಲ್ಲ. ಕ್ಯಾನ್ಸರ್ ಜೀವಕೋಶದ ಒಂದು ನಿರ್ದಿಷ್ಟ ಗುರುತನ್ನು ಹುಡುಕಿ ಹೊಡೆಯುವ ಔಷಧಗಳು, ಅಂದರೆ ಟಾರ್ಗೆಟೆಡ್ ಥೆರಪಿ ಅಥವಾ ಗುರಿ ಚಿಕಿತ್ಸೆ, ಮೂತ್ರಕೋಶದ ಕ್ಯಾನ್ಸರ್‌ಗೂ ಬಂದಿವೆ. ಆದರೆ ಅವು ಯಾರಿಗೆ ಒಗ್ಗುತ್ತವೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಮೇಣದ ಬ್ಲಾಕಿನಲ್ಲಿದೆ. ಇನ್ನರ್ಧ ರೋಗಿಯ ಕಿಡ್ನಿ, ನರ, ಕಣ್ಣು, ಸಕ್ಕರೆಯ ವರದಿಗಳಲ್ಲಿದೆ. ಹಾಗಾಗಿ ಔಷಧದ ಹೆಸರು ಕೇಳುವ ಮೊದಲು ಪರೀಕ್ಷೆಯ ಹೆಸರು ಕೇಳಿ. ಈ ಲೇಖನದ ಉದ್ದಕ್ಕೂ ಹೇಳಹೊರಟಿರುವುದು ಇದನ್ನೇ.

ಮುಂದುವರಿದ ಹಂತ ಅಂದರೆ

2022ರಲ್ಲಿ ಜಗತ್ತಿನಾದ್ಯಂತ ಸುಮಾರು 6.14 ಲಕ್ಷ ಜನರಲ್ಲಿ ಮೂತ್ರಕೋಶದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 2.2 ಲಕ್ಷ ಜನ ಅದರಿಂದ ತೀರಿಕೊಂಡರು. ಗಂಡಸರಲ್ಲಿ ಇದು ಹೆಚ್ಚು. ಬೀಡಿ, ಸಿಗರೇಟಿನ ಹೊಗೆಯೇ ದೊಡ್ಡ ಕಾರಣ. ಹೊಗೆಯಲ್ಲಿರುವ ವಿಷ ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ ಮೂತ್ರಕ್ಕಿಳಿದು, ಗಂಟೆಗಟ್ಟಲೆ ಮೂತ್ರಕೋಶದ ಒಳಗೋಡೆಯನ್ನು ಮುಟ್ಟಿಕೊಂಡಿರುತ್ತದೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣುವುದು ಇದರ ಮೊದಲ ಸೂಚನೆ. ಒಂದು ದಿನ ಕಂಡು ಮರುದಿನ ನಿಂತರೂ ತೋರಿಸಿಕೊಳ್ಳಲೇಬೇಕು.

ಹೆಚ್ಚಿನವರಲ್ಲಿ ಗಡ್ಡೆ ಒಳಪದರದಲ್ಲೇ ಇರುವಾಗ ಸಿಗುತ್ತದೆ. ಅದಕ್ಕೆ ಕೆರೆದು ತೆಗೆಯುವುದು, ಮೂತ್ರಕೋಶದೊಳಗೆ ಬಿಸಿಜಿ ಔಷಧ ಬಿಡುವುದು ಮುಂತಾದ ಬೇರೆ ದಾರಿಗಳಿವೆ. ಸ್ನಾಯುವಿಗೆ ಇಳಿದಿದ್ದರೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣದ ಮಾತು ಬರುತ್ತದೆ. ನಾವಿಲ್ಲಿ ಮಾತಾಡುತ್ತಿರುವುದು ಅದರಾಚೆಯ ಸ್ಥಿತಿಯನ್ನು: ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗದಷ್ಟು ಸುತ್ತ ಹಬ್ಬಿದ, ಅಥವಾ ದೂರದ ದುಗ್ಧಗ್ರಂಥಿ, ಶ್ವಾಸಕೋಶ, ಯಕೃತ್ತು, ಮೂಳೆಗೆ ಹರಡಿದ ರೋಗ. ಈ ಹಂತದಲ್ಲಿ ಚಿಕಿತ್ಸೆಯ ಉದ್ದೇಶ ಸಾಮಾನ್ಯವಾಗಿ ರೋಗವನ್ನು ಹಿಡಿದಿಡುವುದು, ಆಯುಷ್ಯ ಹೆಚ್ಚಿಸುವುದು, ನೋವು ತಗ್ಗಿಸುವುದು. ಪೂರ್ತಿ ಗುಣವಾಗುವವರು ಕೆಲವರಷ್ಟೇ. ಈ ಮಾತನ್ನು ವೈದ್ಯರ ಬಾಯಿಂದ ಸ್ಪಷ್ಟವಾಗಿ ಕೇಳಿಕೊಂಡರೆ ಮುಂದಿನ ತೀರ್ಮಾನಗಳಿಗೆ ಅಡಿಪಾಯ ಸಿಗುತ್ತದೆ.

ಕೀಮೋ: ಹಳೆಯ ಆಳು, ಇನ್ನೂ ಕೆಲಸದಲ್ಲಿದ್ದಾನೆ

ಮೂತ್ರಕೋಶದ ಕ್ಯಾನ್ಸರ್‌ನ ಕೀಮೋಗೆ ಬೆನ್ನೆಲುಬು ಸಿಸ್‌ಪ್ಲಾಟಿನ್. ಅದು ಸಿಕ್ಕ ಬಗೆಯೇ ಸ್ವಾರಸ್ಯದ್ದು. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಅವರು ವಿದ್ಯುತ್ ಕ್ಷೇತ್ರದಲ್ಲಿ ಬ್ಯಾಕ್ಟೀರಿಯಾ ಹೇಗೆ ಬೆಳೆಯುತ್ತವೆ ಎಂದು ನೋಡುತ್ತಿದ್ದರು. ಬ್ಯಾಕ್ಟೀರಿಯಾ ಉದ್ದುದ್ದಕ್ಕೆ ಬೆಳೆದವೇ ಹೊರತು ಒಡೆದು ಎರಡಾಗಲಿಲ್ಲ. ಕಾರಣ ವಿದ್ಯುತ್ ಆಗಿರಲಿಲ್ಲ. ವಿದ್ಯುದ್ವಾರದ ಪ್ಲಾಟಿನಂ ಲೋಹ ದ್ರಾವಣಕ್ಕೆ ಬಿಟ್ಟುಕೊಟ್ಟ ಸಂಯುಕ್ತ ಅವನ್ನು ತಡೆದಿತ್ತು. 1965ರಲ್ಲಿ ಪ್ರಕಟವಾದ ಈ ಅವಲೋಕನದಿಂದ ಹುಟ್ಟಿದ ಔಷಧಕ್ಕೆ 1978ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಕೀಮೋ ಮಾಡುವ ಕೆಲಸ ಇಂದಿಗೂ ಅದೇ: ಒಡೆದು ಎರಡಾಗಲು ಹೊರಟ ಜೀವಕೋಶವನ್ನು ಕೆಡಿಸುವುದು. ಕ್ಯಾನ್ಸರ್ ಜೀವಕೋಶಗಳು ಬೇಗ ಬೇಗ ಒಡೆಯುವುದರಿಂದ ಅವಕ್ಕೆ ಪೆಟ್ಟು ಹೆಚ್ಚು. ಆದರೆ ಕೂದಲ ಬೇರು, ಬಾಯಿಯ ಒಳಪದರ, ರಕ್ತ ಹುಟ್ಟಿಸುವ ಅಸ್ಥಿಮಜ್ಜೆಯ ಜೀವಕೋಶಗಳೂ ಬೇಗ ಒಡೆಯುವಂಥವೇ. ಬಾಯಿಹುಣ್ಣು, ಬಿಳಿ ರಕ್ತಕಣಗಳ ಇಳಿತ, ಸುಸ್ತು ಇವೆಲ್ಲ ಬರುವುದು ಹೀಗೆ.

1980ರ ದಶಕದಲ್ಲಿ ನಾಲ್ಕು ಔಷಧಗಳ ಎಂವಿಎಸಿ ಎಂಬ ಕಠಿಣ ಜೋಡಣೆ ಬಂತು. 2000ದಲ್ಲಿ ಪ್ರಕಟವಾದ 405 ರೋಗಿಗಳ ಅಧ್ಯಯನದಲ್ಲಿ ಜೆಮ್‌ಸಿಟಾಬಿನ್ ಮತ್ತು ಸಿಸ್‌ಪ್ಲಾಟಿನ್ ಜೋಡಿ ಹೆಚ್ಚುಕಡಿಮೆ ಅಷ್ಟೇ ಆಯುಷ್ಯ ಕೊಟ್ಟು, ಅದಕ್ಕಿಂತ ಕಡಿಮೆ ಬಾಧಿಸಿತು. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಹಳ ಕಡೆ ಕೊಡುವ ಮೊದಲ ಚಿಕಿತ್ಸೆ ಈ ಜೋಡಿಯೇ. 21 ದಿನದ ಒಂದು ಸುತ್ತು, ಮೊದಲನೆಯ ಮತ್ತು ಎಂಟನೆಯ ದಿನ ಡ್ರಿಪ್, ಹೀಗೆ 4ರಿಂದ 6 ಸುತ್ತು.

ಸಿಸ್‌ಪ್ಲಾಟಿನ್‌ಗೆ ಒಂದು ಹಟ ಇದೆ. ಕಿಡ್ನಿ ಗಟ್ಟಿಯಾಗಿರಬೇಕು. ಕಿಡ್ನಿಯ ಸೋಸುವ ಶಕ್ತಿ ಅಳೆಯುವ ಕ್ರಿಯೇಟಿನಿನ್ ಕ್ಲಿಯರೆನ್ಸ್ 60ಕ್ಕಿಂತ ಕಡಿಮೆಯಿದ್ದರೆ, ಕಿವಿ ಮಂದವಾಗಿದ್ದರೆ, ಕೈಕಾಲಿನ ನರ ಮೊದಲೇ ಸೋತಿದ್ದರೆ, ಹೃದಯ ದುರ್ಬಲವಾಗಿದ್ದರೆ, ರೋಗಿ ಅರ್ಧ ದಿನ ಹಾಸಿಗೆಯಲ್ಲೇ ಇರುವಂತಾಗಿದ್ದರೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಈ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಲ್ಲೇ ಸೋಸಿಹೋಗುತ್ತಾರೆ. ಅವರಿಗೆ ಕಾರ್ಬೋಪ್ಲಾಟಿನ್ ಕೊಡುವುದುಂಟು. ಅದು ಮೃದು, ಆದರೆ ಈ ರೋಗದಲ್ಲಿ ಬಲ ಸ್ವಲ್ಪ ಕಡಿಮೆ.

ಇಲ್ಲೊಂದು ಮುಖ್ಯ ಮಾತು. ಕಿಡ್ನಿ ಸೋತದ್ದು ವಯಸ್ಸಿನಿಂದ ಎಂದು ಸುಮ್ಮನಾಗಬೇಡಿ. ಎಷ್ಟೋ ಸಲ ಮೂತ್ರಕೋಶದ ಗಡ್ಡೆ ಕಿಡ್ನಿಯಿಂದ ಇಳಿಯುವ ಮೂತ್ರನಾಳದ ಬಾಯಿಯನ್ನೇ ಮುಚ್ಚಿರುತ್ತದೆ. ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿ ಊದಿಕೊಳ್ಳುತ್ತದೆ. ಸ್ಟೆಂಟ್ ಹಾಕಿ ಅಥವಾ ಬೆನ್ನಿನ ಕಡೆಯಿಂದ ಸಣ್ಣ ನಳಿಕೆ ಇಳಿಸಿ ಮೂತ್ರ ಹರಿಯಬಿಟ್ಟರೆ ಕೆಲವರ ಕಿಡ್ನಿ ಚೇತರಿಸಿಕೊಂಡು ಸಿಸ್‌ಪ್ಲಾಟಿನ್‌ಗೆ ದಾರಿ ತೆರೆಯುತ್ತದೆ. “ಅಡಚಣೆಯಿಂದ ಹೀಗಾಗಿದೆಯೇ? ಬಿಡಿಸಬಹುದೇ?” ಎಂದು ಕೇಳಿ.

ಸಿಕ್ಕಿಕೊಂಡ ಸ್ಟಾರ್ಟರ್

ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್‌ನಲ್ಲಿ ಹಸಿರು ಗುಂಡಿ ಒತ್ತಿದರೆ ಮೋಟರು ಶುರು, ಕೆಂಪು ಒತ್ತಿದರೆ ಬಂದ್. ಹಸಿರು ಗುಂಡಿ ಒಳಗೇ ಸಿಕ್ಕಿಕೊಂಡರೆ? ಯಾರೂ ಒತ್ತದಿದ್ದರೂ ಮೋಟರು ಓಡುತ್ತಲೇ ಇರುತ್ತದೆ. ನಮ್ಮ ಜೀವಕೋಶಗಳ ಮೇಲ್ಮೈಯಲ್ಲೂ ‘ಬೆಳೆ’ ಎಂಬ ಸೂಚನೆ ಪಡೆಯುವ ಗುಂಡಿಗಳಿವೆ. ಅವುಗಳಲ್ಲಿ ಒಂದು ಬಗೆಗೆ ಎಫ್‌ಜಿಎಫ್‌ಆರ್ ಎಂದು ಹೆಸರು. ಹರಡಿದ ಮೂತ್ರಕೋಶದ ಕ್ಯಾನ್ಸರ್ ಇರುವ ಐವರಲ್ಲಿ ಸುಮಾರು ಒಬ್ಬರಿಗೆ ಈ ಗುಂಡಿಯ ಜೀನ್ ಕೆಟ್ಟು ಸಿಕ್ಕಿಕೊಂಡಿರುತ್ತದೆ, ಹೆಚ್ಚಾಗಿ ಎಫ್‌ಜಿಎಫ್‌ಆರ್3 ಎಂಬುದರಲ್ಲಿ. ಕಿಡ್ನಿಯೊಳಗೆ ಮೂತ್ರ ಕೂಡುವ ಭಾಗ ಮತ್ತು ಮೂತ್ರನಾಳದಲ್ಲಿ ಹುಟ್ಟುವ ಇದೇ ಜಾತಿಯ ಕ್ಯಾನ್ಸರ್‌ನಲ್ಲಿ ಇದು ಇನ್ನೂ ಹೆಚ್ಚು.

ಎರ್ಡಾಫಿಟಿನಿಬ್ ಎಂಬ ಮಾತ್ರೆ ಆ ಗುಂಡಿಯ ತಂತಿ ಕತ್ತರಿಸುತ್ತದೆ. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟಿತು. ಮುಂದುವರಿದ ಮೂತ್ರಕೋಶದ ಕ್ಯಾನ್ಸರ್‌ಗೆ ಬಂದ ಮೊದಲ ಗುರಿ ಔಷಧ ಇದು. ಗುಂಡಿ ಸಿಕ್ಕಿಕೊಳ್ಳದವರಿಗೆ ಈ ಮಾತ್ರೆ ಕೊಡುವುದಿಲ್ಲ, ಅವರ ಕ್ಯಾನ್ಸರ್ ಓಡುತ್ತಿರುವುದು ಬೇರೆ ತಂತಿಯಲ್ಲಿ. ಅದಕ್ಕೇ ಮೇಣದ ಬ್ಲಾಕ್ ಬೇಕು. ಅದರ ಚೂರಿನಲ್ಲಿ ಎಫ್‌ಜಿಎಫ್‌ಆರ್3 ಕೆಟ್ಟಿದೆಯೇ ಎಂದು ಪಿಸಿಆರ್ ಅಥವಾ ಎನ್‌ಜಿಎಸ್ ಎಂಬ ಜೀನ್ ಪರೀಕ್ಷೆಯಿಂದ ನೋಡುತ್ತಾರೆ. ವರದಿಯಲ್ಲಿ ‘ಎಸ್249ಸಿ’, ‘ವೈ373ಸಿ’ ಅಥವಾ ‘ಎಫ್‌ಜಿಎಫ್‌ಆರ್3–ಟಿಎಸಿಸಿ3 ಫ್ಯೂಷನ್’ ಎಂಬಂಥ ಗುರುತು ಕಂಡರೆ ಅದೇ ಸಿಕ್ಕಿಕೊಂಡ ಗುಂಡಿ. ಬ್ಲಾಕಿನಲ್ಲಿ ಮಾಂಸ ಸಾಲದಿದ್ದರೆ ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಹುಡುಕುವ ಲಿಕ್ವಿಡ್ ಬಯಾಪ್ಸಿ ಒಂದು ದಾರಿ.

ಈ ವರದಿ ಬರಲು ವಾರಗಳೇ ಹಿಡಿಯುತ್ತವೆ. ಮೊದಲ ಚಿಕಿತ್ಸೆ ಸೋತ ಮೇಲೆ ಬ್ಲಾಕ್ ಹುಡುಕಲು ಹೊರಟರೆ ಆ ವಾರಗಳು ಕೈತಪ್ಪುತ್ತವೆ. ರೋಗ ಹರಡಿದ್ದು ಗೊತ್ತಾದ ದಿನವೇ ಪರೀಕ್ಷೆಗೆ ಕೊಡುವುದು ಜಾಣತನ.

ಥಾರ್ ಅಧ್ಯಯನ ಹೇಳಿದ್ದೇನು, ಹೇಳದ್ದೇನು

ಗುರಿ ಮಾತ್ರೆ ಮತ್ತು ಕೀಮೋವನ್ನು ಎದುರುಬದುರು ನಿಲ್ಲಿಸಿ ನೋಡಿದ ಅಧ್ಯಯನದ ಹೆಸರು ಥಾರ್. ಪ್ಯಾರಿಸ್ ಹತ್ತಿರದ ಗುಸ್ತಾವ್ ರೂಸಿ ಸಂಸ್ಥೆಯ ಯೊಹಾನ್ ಲೊರಿಯೊ ಮತ್ತು ಅವರ ಜೊತೆಗಾರರ ಈ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 266 ರೋಗಿಗಳು. ಎಲ್ಲರಿಗೂ ಎಫ್‌ಜಿಎಫ್‌ಆರ್ ಕೆಟ್ಟಿತ್ತು, ಎಲ್ಲರೂ ಮೊದಲೇ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಚಿಕಿತ್ಸೆ) ಸೇರಿದಂತೆ ಒಂದೆರಡು ಚಿಕಿತ್ಸೆ ಪಡೆದು ರೋಗ ಮತ್ತೆ ಬೆಳೆದವರು. ಅರ್ಧ ಜನರಿಗೆ ಎರ್ಡಾಫಿಟಿನಿಬ್, ಉಳಿದವರಿಗೆ ಡೋಸಿಟ್ಯಾಕ್ಸೆಲ್ ಅಥವಾ ವಿನ್‌ಫ್ಲುನಿನ್ ಎಂಬ ಕೀಮೋ.

ಮಾತ್ರೆ ತೆಗೆದುಕೊಂಡವರ ಮಧ್ಯಮ ಆಯುಷ್ಯ 12.1 ತಿಂಗಳು, ಕೀಮೋದವರದು 7.8 ತಿಂಗಳು. ಗಡ್ಡೆ ಗಣನೀಯವಾಗಿ ಕುಗ್ಗಿದ್ದು ಮಾತ್ರೆಯಲ್ಲಿ 100ಕ್ಕೆ ಸುಮಾರು 46 ಜನರಲ್ಲಿ, ಕೀಮೋದಲ್ಲಿ ಸುಮಾರು 12 ಜನರಲ್ಲಿ. ಚಿಕಿತ್ಸೆಗೆ ಸಂಬಂಧಿಸಿದ ತೀವ್ರ ಅಡ್ಡಪರಿಣಾಮಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣ, 100ಕ್ಕೆ ಸುಮಾರು 46. ಈ ಕೊನೆಯ ಅಂಕಿಯನ್ನು ಗಮನಿಸಿ: ಗುರಿ ಔಷಧಕ್ಕೆ ಅಡ್ಡಪರಿಣಾಮವೇ ಇಲ್ಲ ಎಂಬ ನಂಬಿಕೆ ತಪ್ಪು. ಪರಿಣಾಮಗಳ ಜಾತಿ ಬೇರೆ, ಅಷ್ಟೆ. ಪ್ರಾಣಕ್ಕೇ ಎರವಾದ ಪರಿಣಾಮಗಳು ಮಾತ್ರ ಮಾತ್ರೆಯಲ್ಲಿ ಕಡಿಮೆಯಿದ್ದವು.

‘ಮಧ್ಯಮ’ ಎಂಬ ಮಾತನ್ನೂ ಬಿಡಿಸಿಕೊಳ್ಳೋಣ. ಎಲ್ಲರನ್ನೂ ಆಯುಷ್ಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಅಂಕಿ ಅದು. ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು, ಅರ್ಧ ಜನ ಕಡಿಮೆ. ಅದನ್ನು ನಿಮ್ಮ ಮನೆಯವರ ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಳ್ಳಬೇಡಿ.

ಥಾರ್ ಹೇಳದ ಸಂಗತಿಯೂ ಅಷ್ಟೇ ಮುಖ್ಯ. ಮೊದಲ ಬಾರಿಗೆ ಚಿಕಿತ್ಸೆ ಶುರುಮಾಡುವವರಲ್ಲಿ ಪ್ಲಾಟಿನಂ ಕೀಮೋಗಿಂತ ಈ ಮಾತ್ರೆ ಮೇಲು ಎಂದು ಅದು ತೋರಿಸಿಲ್ಲ. ಅದೇ ಅಧ್ಯಯನದ ಇನ್ನೊಂದು ಗುಂಪಿನಲ್ಲಿ, ಇಮ್ಯುನೋಥೆರಪಿ ಪಡೆಯದವರಿಗೆ ಈ ಮಾತ್ರೆಯನ್ನು ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧದ ಎದುರು ನಿಲ್ಲಿಸಿದಾಗ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ 2024ರ ಜನವರಿಯಲ್ಲಿ ಎಫ್‌ಡಿಎ ಪೂರ್ಣ ಒಪ್ಪಿಗೆ ಕೊಡುವಾಗ ಎಫ್‌ಜಿಎಫ್‌ಆರ್3 ಕೆಟ್ಟಿರುವ, ಮೊದಲೊಂದು ಚಿಕಿತ್ಸೆ ಪಡೆದ ಮೇಲೂ ರೋಗ ಬೆಳೆದ ರೋಗಿಗಳಿಗೆ ಎಂದು ಗೆರೆ ಎಳೆಯಿತು. ಇಮ್ಯುನೋಥೆರಪಿ ತಡೆದುಕೊಳ್ಳಬಲ್ಲವರಿಗೆ ಅದೇ ಮೊದಲಾಗಲಿ ಎಂದೂ ಹೇಳಿತು.

ಎರಡೂ ಬೆರೆತ ಔಷಧ

ಗುರಿ ಔಷಧ ಒಂದು ಕಡೆ, ಕೀಮೋ ಇನ್ನೊಂದು ಕಡೆ ಎಂಬ ಗೆರೆಯನ್ನೇ ಅಳಿಸಿದ ಔಷಧ ಎನ್‌ಫೋರ್ಟುಮ್ಯಾಬ್ ವೆಡೋಟಿನ್. ಮೂತ್ರಕೋಶದ ಹೆಚ್ಚಿನ ಕ್ಯಾನ್ಸರ್ ಜೀವಕೋಶಗಳ ಮೈಮೇಲೆ ನೆಕ್ಟಿನ್-4 ಎಂಬ ಪ್ರೋಟೀನ್ ಇರುತ್ತದೆ. ಅದನ್ನು ಗುರುತಿಸುವ ಪ್ರತಿಕಾಯಕ್ಕೆ ಎಂಎಂಎಇ ಎಂಬ ಉಗ್ರ ಕೀಮೋ ವಿಷ ಕಟ್ಟಿ ಕಳಿಸುತ್ತಾರೆ. ಪ್ರತಿಕಾಯ ಬಾಗಿಲು ಹುಡುಕುತ್ತದೆ, ವಿಷ ಒಳಗಿಳಿಯುತ್ತದೆ. ಈ ವಿಷದ ಮೂಲ ಮಾದರಿ ಸಿಕ್ಕಿದ್ದು ಹಿಂದೂ ಮಹಾಸಾಗರದ ಕಡಲಮೊಲ ಎಂಬ ಮೃದ್ವಂಗಿಯಲ್ಲಿ. ಹಾಗೆಯೇ ರಕ್ತಕ್ಕೆ ಬಿಟ್ಟರೆ ದೇಹ ತಾಳದ ವಿಷ ಅದು. ವಿಳಾಸ ಬರೆದು ಕಳಿಸಿದ್ದರಿಂದ ಔಷಧವಾಯಿತು.

ಲಂಡನ್ನಿನ ಥಾಮಸ್ ಪೌಲ್ಸ್ 2023ರ ಅಕ್ಟೋಬರ್‌ನಲ್ಲಿ ಮ್ಯಾಡ್ರಿಡ್‌ನ ಯುರೋಪಿಯನ್ ಕ್ಯಾನ್ಸರ್ ಸಮ್ಮೇಳನದಲ್ಲಿ ಇವಿ-302 ಅಧ್ಯಯನದ ಫಲಿತಾಂಶ ಓದಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿಂದೆ ಚಿಕಿತ್ಸೆಯನ್ನೇ ಪಡೆಯದ 886 ರೋಗಿಗಳಲ್ಲಿ ಈ ಔಷಧವನ್ನು ಪೆಂಬ್ರೊಲಿಜುಮ್ಯಾಬ್ ಜೊತೆ ಕೊಟ್ಟಾಗ ಮಧ್ಯಮ ಆಯುಷ್ಯ 31.5 ತಿಂಗಳು, ಪ್ಲಾಟಿನಂ ಕೀಮೋ ಪಡೆದವರಲ್ಲಿ 16.1 ತಿಂಗಳು. 100ಕ್ಕೆ ಸುಮಾರು 29 ಜನರಲ್ಲಿ ಸ್ಕ್ಯಾನಿನಲ್ಲಿ ರೋಗವೇ ಕಾಣದಂತಾಯಿತು. ಎಷ್ಟೋ ವರ್ಷ ಪ್ಲಾಟಿನಂ ಕೀಮೋವನ್ನು ಮೊದಲ ಸ್ಥಾನದಿಂದ ಯಾವ ಔಷಧವೂ ಹೀಗೆ ಸರಿಸಿರಲಿಲ್ಲ. ಇದನ್ನು ಕೊಡಲು ಜೀನ್ ಪರೀಕ್ಷೆಯೂ ಬೇಕಿಲ್ಲ, ಸಿಸ್‌ಪ್ಲಾಟಿನ್‌ನಂತೆ ಗಟ್ಟಿ ಕಿಡ್ನಿಯ ಷರತ್ತೂ ಇಲ್ಲ. ಆದರೆ ಇದಕ್ಕೂ ಡ್ರಿಪ್ ಬೇಕು, ಆಸ್ಪತ್ರೆಗೆ ಬರಬೇಕು, ಮತ್ತು ಬೆಲೆ ತುಂಬಾ ಹೆಚ್ಚು.

ಮೆಟ್ಟಿಲುಗಳು

ಇಷ್ಟನ್ನೂ ಒಂದು ಸಾಲಿಗೆ ತಂದರೆ ವೈದ್ಯರು ಯೋಚಿಸುವ ಕ್ರಮ ಹೀಗಿರುತ್ತದೆ.

ಮೊದಲ ಮೆಟ್ಟಿಲು: ಸಿಗುವುದಾದರೆ, ದೇಹ ತಡೆಯುವುದಾದರೆ ಎನ್‌ಫೋರ್ಟುಮ್ಯಾಬ್ ಮತ್ತು ಪೆಂಬ್ರೊಲಿಜುಮ್ಯಾಬ್ ಜೋಡಿ. ಅದು ಕೈಗೆಟುಕದಿದ್ದರೆ ಪ್ಲಾಟಿನಂ ಕೀಮೋ. ಸಿಸ್‌ಪ್ಲಾಟಿನ್ ಕೊಡಬಹುದಾದವರಲ್ಲಿ ಅದರ ಜೊತೆಗೆ ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಸೇರಿಸಿದಾಗ ಮಧ್ಯಮ ಆಯುಷ್ಯ 18.9ರಿಂದ 21.7 ತಿಂಗಳಿಗೆ ಏರಿತ್ತು.

ಎರಡನೆಯದು: ಕೀಮೋದಿಂದ ರೋಗ ಕುಗ್ಗಿದ್ದರೆ ಅಥವಾ ನಿಂತಿದ್ದರೆ ಅಲ್ಲಿಗೆ ಬಿಡದೆ ಅವೆಲುಮ್ಯಾಬ್ ಎಂಬ ಇಮ್ಯುನೋಥೆರಪಿ ಮುಂದುವರಿಸುವುದು. 2020ರಲ್ಲಿ ಪ್ರಕಟವಾದ 700 ರೋಗಿಗಳ ಅಧ್ಯಯನದಲ್ಲಿ ಇದು ಮಧ್ಯಮ ಆಯುಷ್ಯವನ್ನು 14.3ರಿಂದ 21.4 ತಿಂಗಳಿಗೆ ಏರಿಸಿತು. ಕೀಮೋ ಮುಗಿಯುವ ಮೊದಲೇ “ಆಮೇಲೇನು?” ಎಂದು ಕೇಳಿ.

ಮೂರನೆಯದು: ರೋಗ ಮತ್ತೆ ಬೆಳೆದರೆ ಬ್ಲಾಕಿನ ವರದಿ ಕೈಗೆತ್ತಿಕೊಳ್ಳುವ ಸಮಯ. ಎಫ್‌ಜಿಎಫ್‌ಆರ್3 ಕೆಟ್ಟಿದ್ದರೆ ಎರ್ಡಾಫಿಟಿನಿಬ್. ಹರ್2 ಎಂಬ ಪ್ರೋಟೀನ್ ಗಾಢವಾಗಿ, ಅಂದರೆ 3+ ಎಂದು ಬಂದಿದ್ದರೆ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕನ್. ಹಿಂದೆ ಕೊಡದಿದ್ದರೆ ಇಮ್ಯುನೋಥೆರಪಿ ಅಥವಾ ಎನ್‌ಫೋರ್ಟುಮ್ಯಾಬ್. ಎರಡೂ ಗುರುತು ಇಲ್ಲದವರಿಗೆ ಇನ್ನೊಂದು ಬಗೆಯ ಕೀಮೋ.

ಹೀಗೆ ನೋಡಿದಾಗ ಕೀಮೋ ಮತ್ತು ಗುರಿ ಔಷಧ ಎದುರಾಳಿಗಳಾಗಿ ಕಾಣುವುದಿಲ್ಲ. ಎಷ್ಟೋ ರೋಗಿಗಳು ಎರಡನ್ನೂ ಒಂದರ ನಂತರ ಒಂದು ಪಡೆಯುತ್ತಾರೆ. ಮೊದಲು ಕೀಮೋ ಬರೆದರೆ ‘ಹಳೆಯದು ಕೊಟ್ಟರು’ ಎಂದು ಕುಗ್ಗಬೇಕಾಗಿಲ್ಲ.

ಮನೆಯಲ್ಲಿ ಕಣ್ಣಿಡಬೇಕಾದ್ದು

ಎರ್ಡಾಫಿಟಿನಿಬ್ ದಿನಕ್ಕೊಮ್ಮೆ 8 ಮಿಲಿಗ್ರಾಂ ಎಂದು ಶುರುವಾಗುತ್ತದೆ. ಎರಡು ಮೂರು ವಾರಕ್ಕೆ ರಕ್ತದ ಫಾಸ್ಫೇಟ್ ನೋಡಿ 9 ಮಿಲಿಗ್ರಾಂಗೆ ಏರಿಸಬೇಕೇ ಎಂದು ತೀರ್ಮಾನಿಸುತ್ತಾರೆ. ಈ ಮಾತ್ರೆ ತಡೆಯುವ ಗುಂಡಿಯೇ ಕಿಡ್ನಿಯಿಂದ ಫಾಸ್ಫೇಟ್ ಹೊರಹಾಕಲೂ ಬೇಕು. ಹಾಗಾಗಿ ಫಾಸ್ಫೇಟ್ ಏರುವುದು ಮಾತ್ರೆ ಕೆಲಸ ಶುರುಮಾಡಿದ್ದರ ಗುರುತು. ಅತಿಯಾದರೆ ತೊಂದರೆ. ದಿನಕ್ಕೆ 600ರಿಂದ 800 ಮಿಲಿಗ್ರಾಂ ಫಾಸ್ಫೇಟ್ ಒಳಗೆ ಊಟ ಇರಲಿ ಎನ್ನುತ್ತಾರೆ. ಹಾಲು, ಮೊಸರು, ಪನೀರು, ಗೋಡಂಬಿ, ಬಾದಾಮಿ ಅಳತೆಯಲ್ಲಿರಲಿ. ಕೋಲಾ ಮತ್ತು ಫಾಸ್ಫೇಟ್ ಬೆರೆಸಿದ ಪ್ಯಾಕೆಟ್ ತಿನಿಸು ಬಿಡುವುದೇ ವಾಸಿ, ಅದರಲ್ಲಿರುವುದು ಬಹುಪಾಲು ರಕ್ತಕ್ಕೆ ಇಳಿಯುತ್ತದೆ. ಬೇಳೆಕಾಳಿನದು ಅಷ್ಟಾಗಿ ಇಳಿಯುವುದಿಲ್ಲ. ಊಟವೇ ಸೇರದ ರೋಗಿಗೆ ಏನನ್ನು ಎಷ್ಟು ಕಡಿಮೆ ಮಾಡಬೇಕು ಎಂಬುದನ್ನು ಆಸ್ಪತ್ರೆಯ ಆಹಾರ ತಜ್ಞರಿಂದ ಬರೆಸಿಕೊಳ್ಳಿ.

ಕಣ್ಣಿನ ಹಿಂಪರದೆಯಡಿ ನೀರು ತುಂಬುವುದು ಈ ಮಾತ್ರೆಯ ಇನ್ನೊಂದು ಬಾಧೆ. ಮೊದಲ 4 ತಿಂಗಳು ತಿಂಗಳಿಗೊಮ್ಮೆ, ಆಮೇಲೆ 3 ತಿಂಗಳಿಗೊಮ್ಮೆ ಕಣ್ಣು ತೋರಿಸಬೇಕು. ಮನೆಯಲ್ಲಿ ಒಂದು ಕಣ್ಣು ಮುಚ್ಚಿ ಬಾಗಿಲ ಚೌಕಟ್ಟನ್ನು ನೋಡಿಸಿ. ನೇರವಾದ ಅಂಚು ಡೊಂಕಾಗಿ ಕಂಡರೆ, ನಡುವೆ ಮಸುಕು ಕಂಡರೆ ಮರುದಿನಕ್ಕೆ ಕಾಯದೆ ಫೋನ್ ಮಾಡಿ. ಬಾಯಿ ಒಣಗುತ್ತದೆ, ಹುಣ್ಣಾಗುತ್ತದೆ, ಭೇದಿಯಾಗಬಹುದು. ಉಗುರು ಬುಡದಿಂದ ಎದ್ದು ಬರುತ್ತದೆ. ಪಾತ್ರೆ ತೊಳೆಯುವಾಗ ಗ್ಲೌಸು, ಕಾಲಿಗೆ ಮೆತ್ತನೆಯ ಸಡಿಲ ಚಪ್ಪಲಿ ಇರಲಿ. ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಬಹುದು. ಮರುದಿನ ಎರಡು ಪಾಲು ನುಂಗಬಾರದು. ವಾಂತಿಯಾಯಿತೆಂದು ಮತ್ತೊಂದು ನುಂಗುವುದೂ ಬೇಡ. ಫಂಗಸ್ ಸೋಂಕಿನ ಕೆಲವು ಮಾತ್ರೆಗಳು ಈ ಔಷಧದ ಮಟ್ಟವನ್ನು ಏರಿಸುತ್ತವೆ. ನಾಟಿ ಔಷಧವೂ ಸೇರಿ ಏನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ಹೇಳಿ.

ಕೀಮೋದಲ್ಲಿರುವವರಿಗೆ ಜ್ವರವೇ ಅಪಾಯದ ಗಂಟೆ. ಥರ್ಮಾಮೀಟರ್ 100.4 ತೋರಿಸಿದರೆ ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಬೇಡಿ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬಿಳಿ ರಕ್ತಕಣ ಇಳಿದಾಗ ಸಣ್ಣ ಸೋಂಕು ಗಂಟೆಗಳಲ್ಲಿ ಕೈಮೀರುತ್ತದೆ.

ಎನ್‌ಫೋರ್ಟುಮ್ಯಾಬ್ ಪಡೆಯುವವರಲ್ಲಿ ಮೂರನ್ನು ನೋಡಿ. ಒಂದು, ಚರ್ಮ: ಮೊದಲ ವಾರಗಳಲ್ಲೇ ಗುಳ್ಳೆ ಏಳಬಹುದು. ಬೊಬ್ಬೆ ಬಂದರೆ, ಚರ್ಮ ಸುಲಿದರೆ, ಬಾಯಿ ಕಣ್ಣು ಕೆಂಪಾದರೆ ತುರ್ತು. ಎರಡು, ಸಕ್ಕರೆ: ಮಧುಮೇಹ ಇಲ್ಲದವರಲ್ಲೂ ಏರಿ ಅಪಾಯ ತರಬಹುದು. ಮೂರು, ನರ: ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡೆಯುವಾಗ ಚಪ್ಪಲಿ ಕಾಲಿಂದ ಜಾರಿದ್ದೇ ಗೊತ್ತಾಗದಿದ್ದರೆ ಮುಂದಿನ ಡ್ರಿಪ್‌ಗೆ ಮೊದಲೇ ಹೇಳಿ. ಡೋಸ್ ತಗ್ಗಿಸಿದರೆ ನರ ಉಳಿಯುತ್ತದೆ. ‘ಔಷಧ ನಿಲ್ಲಿಸಿಬಿಡುತ್ತಾರೆ’ ಎಂಬ ಹೆದರಿಕೆಯಿಂದ ಮುಚ್ಚಿಡುವವರೇ ಹೆಚ್ಚು, ಕಳೆದುಕೊಳ್ಳುವವರೂ ಅವರೇ. ಜೊತೆಗೆ ಇಮ್ಯುನೋಥೆರಪಿ ಇದ್ದರೆ ಒಣಕೆಮ್ಮು, ಉಬ್ಬಸ, ನಿಲ್ಲದ ಭೇದಿಯನ್ನೂ ಲಘುವಾಗಿ ನೋಡಬೇಡಿ.

ದುಡ್ಡಿನ ಮಾತು

ಸಿಸ್‌ಪ್ಲಾಟಿನ್, ಕಾರ್ಬೋಪ್ಲಾಟಿನ್, ಜೆಮ್‌ಸಿಟಾಬಿನ್ ಮೂರೂ ರಾಷ್ಟ್ರೀಯ ಅಗತ್ಯ ಔಷಧ ಪಟ್ಟಿಯಲ್ಲಿವೆ. ಹಲವು ಕಂಪನಿಗಳು ತಯಾರಿಸುವುದರಿಂದ ಬೆಲೆ ಕೈಗೆಟುಕುತ್ತದೆ. ಕರ್ನಾಟಕದ ಬಿಪಿಎಲ್ ಕುಟುಂಬಗಳಿಗೆ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳ ಮೂಲಕ ಕೇಂದ್ರ ಸರ್ಕಾರದ ಆರೋಗ್ಯ ಸಚಿವರ ಕ್ಯಾನ್ಸರ್ ರೋಗಿಗಳ ನಿಧಿಗೆ ಅರ್ಜಿ ಹಾಕಬಹುದು. ಪ್ರಧಾನಮಂತ್ರಿ ಪರಿಹಾರ ನಿಧಿಯೂ ಕ್ಯಾನ್ಸರ್ ಚಿಕಿತ್ಸೆಗೆ ನೆರವು ಕೊಡುತ್ತದೆ. ಆಸ್ಪತ್ರೆಯ ಸಮಾಜ ಸೇವಾ ವಿಭಾಗದವರಿಗೆ ಈ ಅರ್ಜಿಗಳ ದಾರಿ ಗೊತ್ತಿರುತ್ತದೆ.

ಹೊಸ ಔಷಧಗಳ ವಿಷಯದಲ್ಲಿ ಮೂರು ಪ್ರಶ್ನೆ ಕೇಳಿ: ನನ್ನ ಕಾರ್ಡಿನಲ್ಲಿ ಇದು ಸೇರುತ್ತದೆಯೇ? ಕಂಪನಿಯ ರೋಗಿ ನೆರವು ಯೋಜನೆ ಇದೆಯೇ? ಯಾವುದಾದರೂ ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆಯೇ? ಜಮೀನು ಮಾರುವ ಮೊದಲು ಇನ್ನೊಂದನ್ನೂ ಕೇಳಿ: “ಗುಣ ಕಾಣುತ್ತಿದೆಯೇ ಎಂದು ಎಷ್ಟು ವಾರಕ್ಕೆ ಗೊತ್ತಾಗುತ್ತದೆ?” ಮೊದಲ ಎರಡು ಮೂರು ತಿಂಗಳ ಸ್ಕ್ಯಾನ್ ಹೇಳುವುದನ್ನು ನೋಡಿ ಮುಂದಿನ ಖರ್ಚು ಯೋಚಿಸಬಹುದು. ಮೊಬೈಲಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಬಿಲ್ಲಿಲ್ಲದ, ಬ್ಯಾಚ್ ನಂಬರಿಲ್ಲದ ಮಾತ್ರೆ ತರಿಸಬೇಡಿ.

ಚೀಟಿಯಲ್ಲಿ ಬರೆದುಕೊಂಡು ಹೋಗಿ

ಮುಂದಿನ ಭೇಟಿಗೆ ಈ ಪ್ರಶ್ನೆಗಳಿರಲಿ:

1. ಬ್ಲಾಕ್ ಎಲ್ಲಿದೆ? ಎಫ್‌ಜಿಎಫ್‌ಆರ್3, ಹರ್2 ಪರೀಕ್ಷೆಗೆ ಕೊಟ್ಟಿದ್ದೀರಾ?
2. ಕ್ರಿಯೇಟಿನಿನ್ ಕ್ಲಿಯರೆನ್ಸ್ ಎಷ್ಟು? ಸಿಸ್‌ಪ್ಲಾಟಿನ್ ಕೊಡಬಹುದೇ? ಇಲ್ಲದಿದ್ದರೆ ಕಾರಣ ಸರಿಪಡಿಸಬಹುದೇ?
3. ಈ ಚಿಕಿತ್ಸೆಯಿಂದ ಏನು ನಿರೀಕ್ಷಿಸಬಹುದು? ಸೋತರೆ ಮುಂದಿನ ಮೆಟ್ಟಿಲು ಯಾವುದು?
4. ತಿಂಗಳಿಗೆ ಎಷ್ಟು ಸಲ ಆಸ್ಪತ್ರೆಗೆ ಬರಬೇಕು? ರಕ್ತಪರೀಕ್ಷೆ ನಮ್ಮೂರಲ್ಲೇ ಮಾಡಿಸಿ ಕಳಿಸಬಹುದೇ?
5. ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಕರೆಯಬೇಕು?
6. ನೋವಿಗೆ, ಊಟ ಸೇರದಿದ್ದಕ್ಕೆ ಉಪಶಮನ ವಿಭಾಗದವರನ್ನು ಈಗಲೇ ಕಾಣಬಹುದೇ?

ಕೊನೆಯ ಪ್ರಶ್ನೆಗೆ ಹಿಂಜರಿಯಬೇಡಿ. ಉಪಶಮನ ಚಿಕಿತ್ಸೆ ಎಂದರೆ ಕೈಚೆಲ್ಲುವುದಲ್ಲ. ನೋವು ಹತೋಟಿಯಲ್ಲಿದ್ದರೆ ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಕೀಮೋವೋ ಮಾತ್ರೆಯೋ ತಡೆಯುವ ಶಕ್ತಿ ಉಳಿಯುತ್ತದೆ. ಮುಂದೊಂದು ದಿನ ಚಿಕಿತ್ಸೆ ಸಾಕೆನಿಸಿದಾಗ ಬೆಂಗಳೂರಿನ ಕರುಣಾಶ್ರಯದಂಥ ಜಾಗದಲ್ಲಿ ಹಣ ಪಡೆಯದೆ ಆರೈಕೆ ಮಾಡುವವರೂ ಇದ್ದಾರೆ. ಬೀಡಿ ಇನ್ನೂ ಬಿಟ್ಟಿಲ್ಲದಿದ್ದರೆ ಈಗ ಬಿಟ್ಟರೂ ಲಾಭವಿದೆ.

ನಮ್ಮ ಮನೆಗಳಲ್ಲಿ ಈ ಪ್ರಶ್ನೆಗಳನ್ನೆಲ್ಲ ಮಗನೋ ಅಳಿಯನೋ ಹೊರಗೆ ಕಾರಿಡಾರಿನಲ್ಲಿ ನಿಂತು ವೈದ್ಯರಿಗೆ ಕೇಳುತ್ತಾರೆ. ಅಪ್ಪ ಒಳಗೆ ಬೆಂಚಿನ ಮೇಲೆ ಫೈಲು ಹಿಡಿದು ಕೂತಿರುತ್ತಾರೆ. ‘ಗೊತ್ತಾದರೆ ಕುಸಿಯುತ್ತಾರೆ’ ಎಂಬ ಪ್ರೀತಿ ಅದು. ಆದರೆ ಸುತ್ತು ಸುತ್ತಿಗೂ ರೈಲಿನಲ್ಲಿ ಕೂತು ಡ್ರಿಪ್‌ಗೆ ಬರುವವರು ಅವರು. ಬೆರಳು ಮರಗಟ್ಟುವುದು ಅವರದು, ಕಣ್ಣು ಮಸುಕಾಗುವುದು ಅವರದು. ಪರೀಕ್ಷೆಯ ವರದಿ ಎರಡು ದಾರಿ ತೋರಿಸಿದಾಗ, ನಾಲ್ಕು ತಿಂಗಳು ಹೆಚ್ಚು ಸಿಗುವುದು ಮುಖ್ಯವೋ, ಇರುವಷ್ಟು ದಿನ ಊರಲ್ಲೇ ತೋಟ ಸುತ್ತಿಕೊಂಡಿರುವುದು ಮುಖ್ಯವೋ ಎಂದು ಹೇಳಬಲ್ಲವರು ಅವರೊಬ್ಬರೇ. ಅವರ ಪಕ್ಕದಲ್ಲಿ ಕೂತು, ಅವರಿಗೆ ತಿಳಿಯುವ ಮಾತಿನಲ್ಲಿ ಎರಡೂ ದಾರಿ ಹೇಳಿ. ಆಮೇಲೆ, ಅವರು ಮಾತಾಡುವವರೆಗೆ ಕಾಯಿರಿ.